ಚೊಗರು ಹಿಡಿದ ಬೆರಳು ಮತ್ತು ಷೆಂಗನ್ ವೀಸಾ

ಊರಿಗೆ ಬಂದು ಹತ್ತು ದಿನ ಆಯಿತು. ಸೂಟ್‌ಕೇಸು ಇನ್ನೂ ಜಗಲಿಯ ಮೇಲೇ ಇದೆ. ಅಷ್ಟರಲ್ಲಿ ತೀರ್ಥಹಳ್ಳಿಯಿಂದ ಇಬ್ಬರು, ರಿಪ್ಪನ್‌ಪೇಟೆಯಿಂದ ಒಬ್ಬರು ಫೋನ್ ಮಾಡಿದರು. ಮೂವರೂ ಕೇಳಿದ್ದು ಒಂದೇ. "ಮಾರಾಯ್ರೇ, ಐಟಿ ರಿಟರ್ನ್ಸ್ ಇಲ್ಲದೆ ನಿಮಗೆ ಯುರೋಪ್ ವೀಸಾ ಹ್ಯಾಗೆ ಸಿಕ್ತು?" ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ. ಅಡಿಕೆ ತೋಟ ಬಿಟ್ಟರೆ ಬೇರೆ ಆದಾಯ ಇಲ್ಲದವರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಯಾಕೆ ಹೋದೆವು ಅಂತ ಹೇಳುತ್ತೇನೆ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ 1981ರಿಂದ 84ರವರೆಗೆ ನಾವು ನಾಲ್ಕು ಜನ ಒಟ್ಟಿಗೇ ಇದ್ದವರು. ಹಾಸ್ಟೆಲಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ಪದ್ಧತಿ ಇರಲಿಲ್ಲ. ಊರೇ ಹೆಸರು. ಒಬ್ಬ ಹೊಸನಗರ, ಒಬ್ಬ ಕೊಪ್ಪ, ಒಬ್ಬ ಸೊರಬ. ನಾನು ಕೋಣಂದೂರು. ಹೊಸನಗರ ಓದು ಮುಗಿಸಿ ಜರ್ಮನಿ ಸೇರಿದ, ಹೈಡೆಲ್‌ಬರ್ಗಿನಲ್ಲಿದ್ದಾನೆ. ಕೊಪ್ಪ ಹಾಲೆಂಡಿನಲ್ಲಿ. ಸೊರಬ ಮತ್ತು ನಾನು ತೋಟಕ್ಕೆ ಬಂದವರು. "ಒಂದ್ಸಲ ಇಬ್ಬರೂ ಹೆಂಡತಿಯರನ್ನ ಕರ್ಕೊಂಡು ಹೋಗೋಣ ಕಣೋ" ಅಂತ ಸೊರಬ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದ. ಮೊನ್ನೆ ಆಷಾಢದಲ್ಲಿ ಹೋಗಿಬಿಟ್ಟ. ಹನ್ನೊಂದನೇ ದಿನದ ಊಟ ಮುಗಿಸಿ ಬರುವಾಗ ಕಾರಿನಲ್ಲಿ ನಮ್ಮನೆಯವಳು, "ಪಾಸ್‌ಪೋರ್ಟ್ ಮಾಡಿಸೋಕೆ ಎಷ್ಟು ದಿನ ಬೇಕು?" ಅಂತ ಕೇಳಿದಳು. ಅಷ್ಟೇ ಮಾತು. ಮರುವಾರ ಅರ್ಜಿ ಹಾಕಿದೆವು.

ಪಾಸ್‌ಪೋರ್ಟ್ ಕಷ್ಟವೇ ಅಲ್ಲ. ಶಿವಮೊಗ್ಗದ ಅಂಚೆ ಕಚೇರಿಯಲ್ಲೇ ಕೇಂದ್ರ ಇದೆ, ಬೆಂಗಳೂರಿಗೆ ಓಡಬೇಕಾಗಿಲ್ಲ. 36 ಪುಟದ್ದಕ್ಕೆ ತಲೆಗೆ 1,500 ರೂಪಾಯಿ. ಪೊಲೀಸ್ ವಿಚಾರಣೆಗೆ ಬೀಟ್ ಪೇದೆ ಮಳೆಯಲ್ಲಿ ನೆನೆದುಕೊಂಡೇ ಬಂದು, ಕಷಾಯ ಕುಡಿದು, ಸಹಿ ಹಾಕಿಸಿಕೊಂಡು ಹೋದರು. ಒಂದು ಮಾತು ಮಾತ್ರ ನೆನಪಿಡಿ. ನಮ್ಮ ಕಡೆ ಹೆಂಗಸರಿಗೆ ಒಂದೇ ಹೆಸರು, ಸರ್‌ನೇಮ್ ಅನ್ನುವುದು ಇರುವುದಿಲ್ಲ. ಆ ಕಾಲಂ ಖಾಲಿ ಬಿಟ್ಟರೆ ಪಾಸ್‌ಪೋರ್ಟ್ ಬಂದೇ ಬರುತ್ತದೆ. ಆದರೆ ಮುಂದೆ ವಿಮಾನದ ಟಿಕೆಟ್ ಮಾಡುವಾಗ ಕಂಪ್ಯೂಟರ್ "ಕೊನೆಯ ಹೆಸರು ಹಾಕಿ" ಅಂತ ಹಟ ಹಿಡಿಯುತ್ತದೆ. ಆಧಾರ್, ಎಸ್‌ಎಸ್‌ಎಲ್‌ಸಿ, ಬ್ಯಾಂಕ್ ಮೂರರಲ್ಲೂ ಒಂದೇ ತರ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ನಮ್ಮನೆಯವಳ ಹೆಸರು ಮೂರು ಕಡೆ ಮೂರು ತರ ಇತ್ತು. ಆಧಾರ್ ಸರಿ ಮಾಡಿಸಲಿಕ್ಕೇ ಒಂದು ತಿಂಗಳು ಹೋಯಿತು.

ಆಮೇಲೆ ಮದುವೆ ಸರ್ಟಿಫಿಕೇಟು. ನಮ್ಮದು 1989ರ ಮದುವೆ. ಆಗ ಯಾರು ರಿಜಿಸ್ಟರ್ ಮಾಡಿಸುತ್ತಿದ್ದರು? ಅಂಗಳದಲ್ಲಿ ಚಪ್ಪರ ಹಾಕಿ, ಎರಡು ದಿನ ಊಟ ಹಾಕಿದರೆ ಮದುವೆ ಆದ ಹಾಗೆ. ಈಗ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದರೆ ಲಗ್ನಪತ್ರಿಕೆ, ಮದುವೆ ಫೋಟೋ, ಸಾಕ್ಷಿಗಳು ಬೇಕು. ಲಗ್ನಪತ್ರಿಕೆ ಅಟ್ಟದ ಟ್ರಂಕಿನಲ್ಲಿ ಸಿಕ್ಕಿತು, ಒಂದು ಮೂಲೆ ಗೆದ್ದಲು ತಿಂದಿತ್ತು. ಫೋಟೋ ಆಲ್ಬಮ್ಮಿನಿಂದ ತೆಗೆದೆ. ಧಾರೆಯ ಹೊತ್ತಿನ ಫೋಟೋ. ಹಿಂದೆ ಆ ಮೂವರೂ ನಿಂತಿದ್ದಾರೆ. ಸೊರಬನ ಕೈಯಲ್ಲಿ ನನ್ನ ಚಪ್ಪಲಿ, ಯಾರೋ ಹುಡುಗಿಯರು ಕದಿಯುತ್ತಾರೆ ಅಂತ ಕಾಯುತ್ತಿದ್ದ. ಸ್ಟುಡಿಯೋದಲ್ಲಿ ಅದಕ್ಕೆ ನಾಲ್ಕು ಪ್ರತಿ ಮಾಡಿಸಿದೆ. ಕಚೇರಿಗೆ ಬೇಕಾಗಿದ್ದು ಎರಡೇ.

ಇನ್ನು ವೀಸಾ. ಜರ್ಮನಿ, ಹಾಲೆಂಡ್ ಎರಡಕ್ಕೂ ಒಂದೇ ಷೆಂಗನ್ ವೀಸಾ ಸಾಕು, ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ನಡೆಯುವ ವೀಸಾ ಅದು. ಜಾಸ್ತಿ ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ನಮಗೆ ಜರ್ಮನಿಯಲ್ಲಿ ಹತ್ತು ದಿನ, ಹಾಲೆಂಡಿನಲ್ಲಿ ಆರು ದಿನ, ಹಾಗಾಗಿ ಜರ್ಮನಿ. ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ನಾವು ಏಪ್ರಿಲ್ ಅಂತ ಗಟ್ಟಿ ಮಾಡಿದ್ದೆವು. ಕೊಯ್ಲು ಮುಗಿದಿರುತ್ತದೆ, ಮಳೆಗೆ ಮುಂಚಿನ ಮದ್ದು ಹೊಡೆಯುವ ಕೆಲಸ ಇನ್ನೂ ಶುರುವಾಗಿರುವುದಿಲ್ಲ. ತೋಟದವನಿಗೆ ವರ್ಷದಲ್ಲಿ ಸಿಗುವ ಬಿಡುವು ಅದೊಂದೇ.

ಖರ್ಚು ನಾವೇ ನೋಡಿಕೊಳ್ಳುತ್ತೇವೆ ಅಂತ ತೋರಿಸಲು ಐಟಿ ರಿಟರ್ನ್ಸ್ ಕೇಳುತ್ತಾರೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ನಾನು ರಿಟರ್ನ್ಸ್ ಸಲ್ಲಿಸಿದವನೇ ಅಲ್ಲ. ಇದಕ್ಕೆ ದಾರಿ ತೋರಿಸಿದ್ದು ಹೊಸನಗರ. ಅಲ್ಲಿರುವವರು ತಮ್ಮ ಊರಿನ ವಿದೇಶಿಯರ ಕಚೇರಿಗೆ ಹೋಗಿ, "ಇವರ ಖರ್ಚಿಗೆಲ್ಲ ನಾನೇ ಹೊಣೆ" ಅಂತ ಬರೆದುಕೊಡಬಹುದು. ಅದಕ್ಕೆ 29 ಯೂರೋ ಶುಲ್ಕ. ಜರ್ಮನ್ ಹೆಸರು ಫೆರ್‌ಫ್ಲಿಶ್ಟುಂಗ್ಸ್‌ಎರ್ಕ್ಲೇರುಂಗ್. ನನ್ನ ನಾಲಿಗೆಗೆ ಅದು ಹತ್ತಲೇ ಇಲ್ಲ. ಮನೆಯಲ್ಲಿ "ಹೊಣೆ ಚೀಟಿ" ಅಂತಲೇ ಕರೆದೆವು. ಅವನು ತನ್ನ ಸಂಬಳದ ಚೀಟಿ, ಮನೆ ಪತ್ರ ಎಲ್ಲಾ ಹಿಡಿದುಕೊಂಡು ಹೋಗಿ ಕೂತನಂತೆ. "ನಿನ್ನಪ್ಪ ಹಾಸ್ಟೆಲ್ ಫೀಸಿಗೂ ಹಿಂಗೇ ಸಹಿ ಹಾಕಿದ್ದರು ನೋಡು" ಅಂತ ಫೋನಿನಲ್ಲಿ ನಕ್ಕ. ನಿಜ, ಎರಡನೇ ವರ್ಷ ಅವನ ಫೀಸಿಗೆ ಜಾಮೀನು ನಿಂತವರು ನಮ್ಮಪ್ಪ.

ಈ ಹೊಣೆ ಚೀಟಿಯ ಮೂಲ ಪ್ರತಿಯೇ ಬೇಕು, ಮೊಬೈಲಿನಲ್ಲಿ ಕಳಿಸಿದ್ದು ನಡೆಯುವುದಿಲ್ಲ. ಕೊರಿಯರ್ ಬೆಂಗಳೂರಿಗೆ ನಾಲ್ಕೇ ದಿನಕ್ಕೆ ಬಂತು. ಬೆಂಗಳೂರಿನಿಂದ ನಮ್ಮ ಮನೆಗೆ ಹದಿನೈದು ದಿನ! "ವಿಳಾಸ ಸಿಗಲಿಲ್ಲ" ಅಂತ ಒಮ್ಮೆ ವಾಪಸ್ಸೇ ಹೋಗಿತ್ತು. ನಿಮ್ಮ ಮನೆ ನಮ್ಮದರ ಹಾಗೆ ರಸ್ತೆಯಿಂದ ಎರಡು ಮೈಲಿ ಒಳಗಿದ್ದರೆ, ಶಿವಮೊಗ್ಗದಲ್ಲಿರುವ ಯಾರಾದರೂ ನೆಂಟರ ವಿಳಾಸ ಕೊಡಿ.

ಹೊಣೆ ಚೀಟಿ ಇದ್ದರೂ ವಾಪಸ್ ಬರುತ್ತೇವೆ ಅಂತ ನಂಬಿಸಬೇಕಲ್ಲ. ಅದಕ್ಕೆ ಪಹಣಿ. ಪಹಣಿ ಇರುವುದು ಕನ್ನಡದಲ್ಲಿ, ಅವರಿಗೆ ಇಂಗ್ಲಿಷ್ ಇಲ್ಲವೇ ಜರ್ಮನ್ ಬೇಕು. ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿದೆ. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಓದಿದರೆ ಎದೆ ಧಸಕ್ ಅಂತು. ನಮ್ಮದು 2 ಎಕರೆ 28 ಗುಂಟೆ. ಪಹಣಿಯಲ್ಲಿ 2-28 ಅಂತ ಇತ್ತು. ಟೈಪ್ ಮಾಡಿದ ಹುಡುಗ ಅದನ್ನು 2.28 ಎಕರೆ ಮಾಡಿದ್ದ. ಎಕರೆಗೆ 40 ಗುಂಟೆ, ಲೆಕ್ಕ ಹಾಕಿದರೆ 2.70 ಆಗಬೇಕು. ಬ್ಯಾಂಕಿನವರು ಕೊಟ್ಟ ಕಾಗದದಲ್ಲಿ ಸರಿಯಾಗಿ 2.70 ಇತ್ತು. ಎರಡೂ ಒಂದೇ ಫೈಲಿನಲ್ಲಿ ಹೋಗಿದ್ದರೆ ಯಾವುದೋ ಒಂದು ಸುಳ್ಳು ಅಂತಲೇ ತಿಳಿಯುತ್ತಿದ್ದರು. ಅದೇ ಹುಡುಗ ಸೊಪ್ಪಿನಬೆಟ್ಟವನ್ನು, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡನ್ನು, "ಎಲೆಗಳ ಪರ್ವತ" ಅನ್ನುವ ಅರ್ಥ ಬರುವ ಹಾಗೆ ಬರೆದಿದ್ದ. ಅದನ್ನು ಹಾಗೇ ಬಿಟ್ಟೆ, ಕೇಳಲು ಚೆನ್ನಾಗಿತ್ತು.

ಬ್ಯಾಂಕ್ ಸ್ಟೇಟ್‌ಮೆಂಟಿನದು ಇನ್ನೊಂದು ತಲೆನೋವು. ಸಂಬಳದವರಿಗೆ ತಿಂಗಳು ತಿಂಗಳು ದುಡ್ಡು ಬೀಳುತ್ತದೆ. ನಮಗೆ ಅಡಿಕೆ ಕೊಟ್ಟಾಗ ಒಂದೇ ಸಲ ದೊಡ್ಡ ಮೊತ್ತ, ಮಿಕ್ಕ ದಿನ ಕೂಲಿ, ಗೊಬ್ಬರ ಅಂತ ಕರಗುವುದೇ. ವೀಸಾಕ್ಕೆ ಮುಂಚೆ ಇದ್ದಕ್ಕಿದ್ದಂತೆ ದುಡ್ಡು ಬಿದ್ದಿದ್ದರೆ ಯಾರದೋ ಸಾಲ ತಂದು ತುಂಬಿದ್ದಾರೆ ಅಂತ ಅನುಮಾನ ಬರುತ್ತದೆ. ನಾನು ನಮ್ಮ ಅಡಿಕೆ ಮಾರಾಟದ ಸಹಕಾರ ಸಂಘ ಮಾಮ್ಕೋಸಿನ ಮೂರು ವರ್ಷದ ಬಿಲ್ಲುಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಸ್ಟೇಟ್‌ಮೆಂಟಿನಲ್ಲಿ ಅದೇ ಮೊತ್ತದ ಮೇಲೆ ಹಳದಿ ಬಣ್ಣ ಹಚ್ಚಿದೆ. ಜೊತೆಗೆ ಒಂದು ಪುಟದ ಪತ್ರ. ನಾನು ರೈತ, ನಮ್ಮ ದೇಶದಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಅಡಿಕೆ ವರ್ಷಕ್ಕೆ ಒಂದೇ ಬೆಳೆ, ಮೇ ಕೊನೆಗೆ ಮದ್ದು ಹೊಡೆಯದಿದ್ದರೆ ಕೊಳೆರೋಗ ಬಂದು ಬೆಳೆ ಹೋಗುತ್ತದೆ, ಹಾಗಾಗಿ ನಾನು ವಾಪಸ್ ಬರಲೇಬೇಕು. ಕೊಳೆರೋಗದ ಹೆಸರು ಹೇಳಿ ವೀಸಾ ಕೇಳಿದವನು ನಾನೇ ಮೊದಲಿಗನೇನೋ.

ವೀಸಾ ಅರ್ಜಿ ಕೊಡಲು ಅಪಾಯಿಂಟ್‌ಮೆಂಟ್ ಸಿಗುವುದು ದೊಡ್ಡ ಕಥೆ. ದಿನಾ ನೋಡಿದರೂ ಖಾಲಿ ಇಲ್ಲ. ಬೆಂಗಳೂರಿನ ಒಬ್ಬ ಏಜೆಂಟ್ "ನಾನು ಮಾಡಿಸ್ತೀನಿ" ಅಂದ. ಎರಡು ಸಾವಿರ ಅಡ್ವಾನ್ಸ್ ಕೊಟ್ಟೆ. ಆಮೇಲೆ ಅವನ ಫೋನೂ ಇಲ್ಲ, ದುಡ್ಡೂ ಇಲ್ಲ. ಕೊನೆಗೆ ತಂಗಿಯ ಮಗ ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಒತ್ತುತ್ತಾ ಕೂತವನು ಎರಡು ಸ್ಲಾಟ್ ಹಿಡಿದ. ಫೆಬ್ರವರಿ ಮೊದಲ ವಾರ. ನಮ್ಮಲ್ಲಿ ಅಡಿಕೆ ಸುಲಿತ ಇನ್ನೂ ನಡೆದೇ ಇತ್ತು.

ಹಿಂದಿನ ರಾತ್ರಿ ಶಿವಮೊಗ್ಗದಲ್ಲಿ ಉಳಿದು, ಬೆಳಗಿನ ಜನಶತಾಬ್ದಿ ಹಿಡಿದೆವು. ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ಮೊದಲು ಫೋಟೋ ತಕರಾರು. 35 ಮಿಲಿಮೀಟರ್ ಅಗಲ, 45 ಉದ್ದ, ಬಿಳಿ ಹಿನ್ನೆಲೆ, ಎಲ್ಲಾ ಸರಿಯಾಗಿಯೇ ಇತ್ತು. ಆದರೆ ನಮ್ಮೂರ ಸ್ಟುಡಿಯೋದವನು ಪ್ರೀತಿಯಿಂದ ನಮ್ಮನೆಯವಳ ಸುಕ್ಕು, ಕೆನ್ನೆಯ ಮಚ್ಚೆ ಎಲ್ಲಾ ಒರೆಸಿ ನಲವತ್ತರ ಹೆಂಗಸನ್ನಾಗಿ ಮಾಡಿದ್ದ. "ಇದು ನೀವಾ?" ಅಂದರು. ಅಲ್ಲೇ ದುಡ್ಡು ಕೊಟ್ಟು ಬೇರೆ ತೆಗೆಸಿದ್ದಾಯಿತು.

ಆಮೇಲೆ ಬೆರಳಚ್ಚು. ನಾಲ್ಕು ಬೆರಳು, ಮತ್ತೆ ನಾಲ್ಕು, ಆಮೇಲೆ ಎರಡು ಹೆಬ್ಬೆರಳು, ಗಾಜಿನ ಮೇಲೆ ಇಡಬೇಕು. ನನ್ನದು ಆಯಿತು. ಇವಳು ಬಲಗೈ ಇಟ್ಟಳು. ಯಂತ್ರ ಕೆಂಪು ದೀಪ ತೋರಿಸಿತು. ಒರೆಸಿ ಇಟ್ಟಳು, ಕೆಂಪು. ಆ ಹುಡುಗಿ ಒದ್ದೆ ಟಿಶ್ಯೂ ಕೊಟ್ಟಳು. ಉಜ್ಜಿದರೆ ಟಿಶ್ಯೂ ಕಂದಾಯಿತೇ ಹೊರತು ಬೆರಳು ಬೆಳ್ಳಗಾಗಲಿಲ್ಲ. ಮೂರು ತಿಂಗಳಿಂದ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿದ ಕೈ. ಹೆಬ್ಬೆರಳು, ತೋರುಬೆರಳಿನ ತುದಿ ಚೊಗರು, ಅಂದರೆ ಅಡಿಕೆಯ ಒಗರು ರಸ, ಕುಡಿದು ಕಪ್ಪಾಗಿ, ಒಣಗಿ, ಸಣ್ಣ ಸಣ್ಣ ಸೀಳು ಬಿಟ್ಟಿತ್ತು. ಗೆರೆಗಳೆಲ್ಲ ಸವೆದು ನುಣ್ಣಗೆ. "ಏನು ಕೆಲಸ ಮಾಡ್ತೀರಾ ಆಂಟಿ?" ಅಂದಳು ಹುಡುಗಿ. "ಅಡಿಕೆ ಸುಲಿಯೋದು." "ಅಡಿಕೆಗೆ ಸಿಪ್ಪೆ ಇರುತ್ತಾ?" ಇವಳು ನನ್ನ ಮುಖ ನೋಡಿದಳು. ಏಳನೇ ಸಲ ಹುಡುಗಿಯೇ ತನ್ನ ಕೈ ಮೇಲಿಟ್ಟು ಗಟ್ಟಿಯಾಗಿ ಒತ್ತಿದಾಗ ಅಂತೂ ಹಸಿರು ಬಂತು. ಹಿಂದೆ ಕ್ಯೂ ಬಾಗಿಲ ತನಕ ಬೆಳೆದಿತ್ತು.

ಸುಗ್ಗಿಯಲ್ಲಿ ಬೆರಳಚ್ಚು ಕೊಡಬೇಕಾದರೆ ಹತ್ತು ದಿನ ಮುಂಚೆಯೇ ಸುಲಿಯುವುದು ಬಿಡಿ. ರಾತ್ರಿ ನಿಂಬೆಹುಳಿ ಉಜ್ಜಿ, ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ. ಇದನ್ನು ಯಾವ ವೆಬ್‌ಸೈಟಿನಲ್ಲೂ ಬರೆದಿಲ್ಲ. ಒಮ್ಮೆ ಕೊಟ್ಟರೆ 59 ತಿಂಗಳು ಮತ್ತೆ ಕೊಡಬೇಕಾಗಿಲ್ಲ ಅನ್ನುವುದೊಂದೇ ಸಮಾಧಾನ.

ವೀಸಾ ಶುಲ್ಕ ತಲೆಗೆ 90 ಯೂರೋ. ಕೇಂದ್ರದ ಸೇವಾ ಶುಲ್ಕ, ಫೋಟೋ, ಪಾಸ್‌ಪೋರ್ಟ್ ವಾಪಸ್ ಕಳಿಸುವ ಖರ್ಚು ಬೇರೆ. ಇಬ್ಬರಿಗೂ ಸೇರಿ 22 ಸಾವಿರ ಆಯಿತು. ಕನಿಷ್ಠ 30,000 ಯೂರೋ ಆಸ್ಪತ್ರೆ ಖರ್ಚು ಭರಿಸುವ ವಿಮೆ ಕಡ್ಡಾಯ. ಅರವತ್ತು ದಾಟಿದವರಿಗೆ ಅದೂ ದುಬಾರಿ. ವಿಮಾನದ ಟಿಕೆಟ್ ಮಾತ್ರ ವೀಸಾ ಬರುವ ಮುಂಚೆ ದುಡ್ಡು ಕೊಟ್ಟು ಕೊಳ್ಳಬೇಡಿ, ಬುಕಿಂಗ್ ಕಾಯ್ದಿರಿಸಿದ ಕಾಗದ ಸಾಕು.

ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಆಗಬೇಕು, ಬೇಕಾದರೆ 45 ದಿನದವರೆಗೂ ಎಳೆಯಬಹುದು. ನಮಗೆ 19 ದಿನ ಹಿಡಿಯಿತು. ಆ 19 ದಿನ ನಾನು ಸಿಗ್ನಲ್ ಸಿಗುವ ಗೇರು ಮರದ ಬುಡಕ್ಕೆ ದಿನಕ್ಕೆ ಮೂರು ಸಲ ಹೋಗಿ ನಿಂತಿದ್ದೇನೆ. ವೀಸಾ ಬಂದ ಮೇಲೆ ಅದರಲ್ಲಿ ಬರೆದಿದ್ದನ್ನು ಸರಿಯಾಗಿ ಓದಿ. ಯಾವ ತಾರೀಖಿನವರೆಗೆ ಚಾಲ್ತಿ ಅನ್ನುವುದು ಬೇರೆ, ಒಟ್ಟು ಎಷ್ಟು ದಿನ ಇರಬಹುದು ಅನ್ನುವುದು ಬೇರೆ. ನಮ್ಮದರಲ್ಲಿ ತಾರೀಖು ಒಂದು ತಿಂಗಳು ಇತ್ತು, ದಿನ ಇಪ್ಪತ್ತೇ.

ಬ್ಯಾಗು ತುಂಬುವಾಗ ಮನೆಯಲ್ಲಿ ಜಗಳ. ಇವಳು ಎರಡು ಕೆಜಿ ತುಪ್ಪ ಕಾಯಿಸಿಟ್ಟಿದ್ದಳು. ಹಾಲಿನಿಂದ ಮಾಡಿದ್ದು, ಮಾಂಸ, ಯಾವುದನ್ನೂ ಹೊರಗಿನಿಂದ ಯುರೋಪಿಗೆ ಒಯ್ಯುವ ಹಾಗಿಲ್ಲ. ತುಪ್ಪ, ಪೇಡ ಎರಡೂ ಉಳಿದವು. ಮಾವಿನಹಣ್ಣೂ ಬೇಡ. ಇಡೀ ಕೊಬ್ಬರಿ ಗಿಟುಕು ಬೆಂಕಿ ಹಿಡಿಯುವ ವಸ್ತು ಅಂತ ಚೆಕ್-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ. ಕೊನೆಗೆ ಹೋದದ್ದು ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ. ಉಪ್ಪಿನಕಾಯಿ ಕೈಚೀಲದಲ್ಲಿ ಇಡಬೇಡಿ, ರಸ ಇರುವುದರಿಂದ 100 ಮಿಲಿಲೀಟರ್ ನಿಯಮಕ್ಕೆ ಸಿಕ್ಕಿಬೀಳುತ್ತದೆ.

ಫ್ರಾಂಕ್‌ಫರ್ಟಿನಲ್ಲಿ ಇಳಿದಾಗ ಮತ್ತೆ ಬೆರಳು. ಗಾಜಿನ ಡಬ್ಬಿಯೊಳಗೆ ಕೂತ ಅಧಿಕಾರಿ ಇವಳ ಕೈ ಇಡಿಸಿದ. ಕೆಂಪು. ಮತ್ತೆ ಇಡಿಸಿದ. ಕೆಂಪು. ನನಗೆ ಬೆವರು. "ಯಾರ ಮನೆಗೆ? ಹೇಗೆ ಪರಿಚಯ?" ಅಂದ. ಕಾಲೇಜು ಗೆಳೆಯ, 1981ರಿಂದ ಅಂದೆ. ಅವನು ನನ್ನನ್ನೊಮ್ಮೆ, ಇವಳನ್ನೊಮ್ಮೆ ನೋಡಿದ. ಆ ಹುಡುಗ ಹುಟ್ಟುವುದಕ್ಕೆ ಮುಂಚಿನ ಇಸವಿ ಅದು. ಹೊಣೆ ಚೀಟಿಯ ಪ್ರತಿ ತೋರಿಸಿದೆ. ಟಪ್ ಅಂತ ಮುದ್ರೆ ಒತ್ತಿದ. ಆ ಪ್ರತಿಯನ್ನು ಸೂಟ್‌ಕೇಸಿನಲ್ಲಿ ಇಡಬೇಡಿ, ಕೈಯಲ್ಲೇ ಇರಲಿ.

ಹೊರಗೆ ಬಂದರೆ ಜನಸಾಗರ. ನಾನು ಹುಡುಕುತ್ತಿದ್ದದ್ದು ಗುಂಗುರು ಕೂದಲಿನವನನ್ನು. "ಏ ಕೋಣಂದೂರೂ!" ಅಂತ ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ ಕೂಗಿದ್ದು ಮಾತ್ರ ಒಬ್ಬ ಬೋಳು ತಲೆಯ ಮುದುಕ. ಸೊರಬ ಹೋದ ಮೇಲೆ ನನ್ನನ್ನು ಹಾಗೆ ಯಾರೂ ಕೂಗಿರಲಿಲ್ಲ. ಅವನು ಇವಳ ಕೈ ಹಿಡಿದುಕೊಂಡವನು, ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿದ್ದ ಕಪ್ಪನ್ನು ನೋಡಿ, "ಈ ಸಲ ಎಷ್ಟು ಕ್ವಿಂಟಾಲು?" ಅಂತ ಕೇಳಿದ.

ಹೈಡೆಲ್‌ಬರ್ಗಿನ ಕೋಟೆ, ನೆಕ್ಕರ್ ನದಿಯ ಹಳೇ ಸೇತುವೆ ಎಲ್ಲಾ ನೋಡಿದೆವು. ಅದನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಕೋಟೆಯೊಳಗೆ ಸುಮಾರು 2,20,000 ಲೀಟರ್ ಹಿಡಿಯುವ ಮರದ ವೈನ್ ಪೀಪಾಯಿ ಇದೆ, 1751ರದ್ದು. ಇವಳು ಅದನ್ನು ನೋಡಿ, "ನಮ್ಮ ಬೋರ್ಡೋ ಮದ್ದಿನ ಡ್ರಮ್ಮಿನ ಲೆಕ್ಕದಲ್ಲಿ ಸಾವಿರದ ನೂರು" ಅಂದಳು. ಹತ್ತಿರದ ಶ್ವೆಟ್ಸಿಂಗನ್ ಅನ್ನುವ ಊರು ಬಿಳಿ ಆಸ್ಪ್ಯಾರಗಸ್ಸಿಗೆ ಪ್ರಸಿದ್ಧಿ, ಏಪ್ರಿಲ್‌ನಿಂದ ಜೂನ್ 24ರವರೆಗೆ ಅದರ ಕಾಲ. ಮಣ್ಣಿನೊಳಗಿಂದಲೇ ಕಿತ್ತು ತರುತ್ತಾರೆ. ಸಂತೆಯಲ್ಲಿ ರಾಶಿ ಹಾಕಿದ್ದನ್ನು ನೋಡಿದರೆ ಥೇಟ್ ನಮ್ಮ ಎಳೆ ಬಿದಿರಿನ ಕಳಲೆ. ಮೂರು ದಿನ ನೀರು ಬದಲಿಸಬೇಕಾ ಅಂತ ಇವಳು ಕೇಳಿದ್ದನ್ನು ಹೊಸನಗರ ಅಂಗಡಿಯವಳಿಗೆ ಜರ್ಮನಿನಲ್ಲಿ ಹೇಳಿದ. ಅವಳಿಗೆ ಏನೂ ತಿಳಿಯಲಿಲ್ಲ. ರಾತ್ರಿ ಅದಕ್ಕೆ ಕಾಯಿ ಮಸಾಲೆ ಹಾಕಿ ಪಲ್ಯ ಮಾಡಿದರು. ಕಳಲೆಯ ಘಮ ಬರಲಿಲ್ಲ, ಅಪ್ಪೆಮಿಡಿ ಇದ್ದದ್ದರಿಂದ ಊಟ ಸೇರಿತು.

ಊಟ ಆದ ಮೇಲೆ ಫೋಟೋ ಕೊಟ್ಟೆ. ಅವನು ಕನ್ನಡಕ ಹಣೆಗೇರಿಸಿ, ಫೋಟೋವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. "ಚಪ್ಪಲಿ ಕೊನೆಗೂ ಕದ್ದರಲ್ವಾ?" ಅಂದ. ಹೌದು, ಕದ್ದಿದ್ದರು. ಇವಳ ತಂಗಿಯೇ.

ಕೊಪ್ಪನ ಮನೆಗೆ ಮೂವರೂ ಹೋದೆವು. ಫ್ರಾಂಕ್‌ಫರ್ಟಿನಿಂದ ಆಮ್‌ಸ್ಟರ್‌ಡ್ಯಾಮಿಗೆ ನೇರ ರೈಲು, ನಾಲ್ಕು ಗಂಟೆ. ಗಡಿ ಎಲ್ಲಿ ದಾಟಿತು ಅಂತ ಗೊತ್ತೇ ಆಗಲಿಲ್ಲ. ನಮ್ಮ ಬೋಗಿಯಲ್ಲಿ ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ, ಆದರೂ ಜೇಬಿನಲ್ಲಿರಬೇಕು. ಚಿಲ್ಲರೆ ಯೂರೋ ನಾಣ್ಯವೂ ಇರಲಿ, ಸ್ಟೇಷನ್ನಿನ ಶೌಚಾಲಯಕ್ಕೆ ದುಡ್ಡು ಕೊಡಬೇಕು.

ಕೊಪ್ಪ ಇರುವುದು ಹೋಫ್ಡಾರ್ಪ್ ಅನ್ನುವ ಊರಲ್ಲಿ. ಅದು ಮೊದಲು ಹಾರ್ಲೆಮರ್‌ಮೇರ್ ಅನ್ನುವ ಕೆರೆಯಾಗಿತ್ತು. ಉಗಿ ಯಂತ್ರದಲ್ಲಿ ನೀರೆತ್ತಿ 1852ರಲ್ಲಿ ಒಣಗಿಸಿದರು. ಸ್ಕಿಪೋಲ್ ವಿಮಾನ ನಿಲ್ದಾಣವೂ ಅದೇ ಕೆರೆಯ ತಳದಲ್ಲಿದೆ. ಸಂಜೆ ನಡೆಯಲು ಹೋದಾಗ ಸುತ್ತಲಿನ ಕಾಲುವೆ ನಮಗಿಂತ ಎತ್ತರದಲ್ಲಿತ್ತು. ನಾವು ಕೆಳಗೆ ರಸ್ತೆಯಲ್ಲಿ, ತಲೆಯ ಮೇಲೆ ದೋಣಿ ಹೋಗುತ್ತಿದೆ. ಹೊಸನಗರ ಅಲ್ಲೇ ನಿಂತುಬಿಟ್ಟ. ಅವನ ಅಜ್ಜನ ಮನೆ, ಗದ್ದೆ ಎಲ್ಲಾ ಲಿಂಗನಮಕ್ಕಿ ಹಿನ್ನೀರಿನಲ್ಲಿ ಹೋಗಿದೆ, ಅವನು ಹುಟ್ಟಿದ ಒಂದೆರಡು ವರ್ಷಕ್ಕೇ. "ಇಲ್ಲಿ ನೀರನ್ನ ಎಬ್ಬಿಸಿ ಕಳಿಸಿದ್ದಾರೆ ನೋಡು, ನಮ್ಮನ್ನ ಎಬ್ಬಿಸಿದ ಹಾಗೆ" ಅಂದ. ಕೊಪ್ಪ ಮಾತು ತಿರುಗಿಸಿ ಸಹ್ಯಾದ್ರಿ ಹಾಸ್ಟೆಲಿನ ಸಾರಿನ ಸುದ್ದಿ ತೆಗೆದ.

ಕೊಪ್ಪನ ಹೆಂಡತಿ ತೀರ್ಥಹಳ್ಳಿಯವಳು, ಹೈಸ್ಕೂಲಿನಲ್ಲಿ ಇವಳ ಬೆಂಚಿನವಳು. ಆ ಇಬ್ಬರು ಎರಡು ರಾತ್ರಿ ಮಲಗಲೇ ಇಲ್ಲ. ಹಲಸಿನ ಎಲೆ ಇಲ್ಲದೆ ಲೋಟದಲ್ಲಿ ಕಡುಬು ಬೇಯಿಸಿದರು. ಟ್ಯೂಲಿಪ್ ತೋಟಕ್ಕೆ ಹೋಗಿದ್ದೆವು, ಕ್ಯೂಕನ್‌ಹೋಫ್. ವಸಂತದಲ್ಲಿ ಎಂಟು ವಾರದಷ್ಟೇ ತೆರೆದಿರುತ್ತದೆ, ಟಿಕೆಟ್ ಮುಂಚೆಯೇ ತೆಗೆದುಕೊಳ್ಳಿ. ಬರುವಾಗ ಇವಳಿಗೆ ಅವಳು ಗೆಡ್ಡೆ ಕಟ್ಟಿಕೊಟ್ಟಿದ್ದಳು. ಗೆಡ್ಡೆ, ಬೀಜ ತರಲು ನಮ್ಮಲ್ಲೂ ಸಸ್ಯ ಕ್ವಾರಂಟೈನ್ ನಿಯಮ ಇದೆ ಅಂತ ಅಲ್ಲೇ ಬಿಟ್ಟು ಬಂದೆ. ಇವಳು ವಿಮಾನದಲ್ಲಿ ನನ್ನ ಜೊತೆ ಅರ್ಧ ದಾರಿ ಮಾತಾಡಲಿಲ್ಲ.

ಒಟ್ಟು ಖರ್ಚು ಎರಡೂಮುಕ್ಕಾಲು ಲಕ್ಷ. ಅದರಲ್ಲಿ ಅರ್ಧ ವಿಮಾನಕ್ಕೇ. ಉಳಿಯಲು ಗೆಳೆಯರ ಮನೆ ಇಲ್ಲದಿದ್ದರೆ ಇದಕ್ಕೆ ಇನ್ನೊಂದರಷ್ಟು ಸೇರಿಸಿಕೊಳ್ಳಿ. ಹೊಸನಗರ ಬರುವ ಡಿಸೆಂಬರಿಗೆ ಕೊಯ್ಲಿಗೆ ಬರುತ್ತಾನಂತೆ. "ನನ್ನ ಹತ್ರ ಓಸಿಐ ಕಾರ್ಡಿದೆ, ನನಗೆ ಯಾವ ಪಹಣಿನೂ ಬೇಡ" ಅಂದ. ಬೇರೆ ದೇಶದ ಪ್ರಜೆಯಾದ ನಮ್ಮವರು ವೀಸಾ ಇಲ್ಲದೆ ಬರಲು ಸರ್ಕಾರ ಕೊಡುವ ಆ ಕಾರ್ಡ್ ಇಟ್ಟುಕೊಂಡೇ ಅವನು ಹದಿನೈದು ವರ್ಷ ಬಂದಿಲ್ಲ. ನಾನು ಹೇಳಲಿಲ್ಲ.

ನಮ್ಮ ಫೈಲು, ಅನುವಾದದ ಪಹಣಿ, ಅಡಿಕೆ ಬಿಲ್ಲು, ಕೊಳೆರೋಗದ ಪತ್ರ ಎಲ್ಲಾ ಸೇರಿ, ನಿನ್ನೆ ರಿಪ್ಪನ್‌ಪೇಟೆಯವರು ಬಂದು ತೆಗೆದುಕೊಂಡು ಹೋದರು. ಅವರ ಮಗಳು ಫ್ರಾನ್ಸಿನಲ್ಲಿದ್ದಾಳೆ. ಬೇರೆಯವರಿಗೆ ಬೇಕಾದರೆ ಅವರ ಸರದಿ ಮುಗಿದ ಮೇಲೆ ಕೇಳಿ. ನಾಲ್ಕನೇ ಫೋಟೋ ಮಾತ್ರ ಫೈಲಿನಿಂದ ತೆಗೆದಿಟ್ಟುಕೊಂಡೆ. ಬರುವ ಸೋಮವಾರ ಸೊರಬಕ್ಕೆ ಹೋಗುವುದಿದೆ.